ಮನೆ ರಿಪೇರಿಗೆ ಕೈ ಹಾಕುವ ಮುನ್ನ: ಪಂಚಾಯ್ತಿ ಪರವಾನಗಿಯ ವಿಚಾರ



ಈ ಸಂಚಿಕೆಯ ಪಾಠದಲ್ಲಿ ಕೊಳೆರೋಗವಾಗಲಿ, ಕಾಂಡಕೊರಕವಾಗಲಿ, ಬೋರ್ಡೋ ದ್ರಾವಣವಾಗಲಿ ಇಲ್ಲ. ತೋಟದಿಂದ ಮನೆಯ ಕಡೆಗೆ ಸ್ವಲ್ಪ ತಿರುಗಿ ನೋಡೋಣ. ಕಾಫಿಗೂ ಅಡಿಕೆಗೂ ನಾಲ್ಕು ಕಾಸು ಬಂದ ವರ್ಷ ನಾವೆಲ್ಲ ಮೊದಲು ಮಾಡುವ ಕೆಲಸ ಯಾವುದು? ಹಿಂದಿನ ಚಿಟ್ಟೆಯನ್ನು ಮುಚ್ಚಿ ಕೋಣೆ ಮಾಡುವುದು, ಹೆಂಚು ತೆಗೆದು ತಾರಸಿ ಹಾಕುವುದು, ಬಚ್ಚಲನ್ನು ಮನೆಯೊಳಕ್ಕೆ ತರುವುದು, ಅಡಿಕೆ ತುಂಬಲು ಒಂದು ಉಗ್ರಾಣ, ಕಾಫಿ ಒಣಗಿಸಲು ಒಂದು ಸಿಮೆಂಟಿನ ಕಣ. ಮೇಸ್ತ್ರಿಗೆ ಮುಂಗಡ ಕೊಟ್ಟಾಗಿರುತ್ತದೆ, ಜಲ್ಲಿ ಮರಳು ಅಂಗಳಕ್ಕೆ ಬಂದು ಬಿದ್ದಿರುತ್ತದೆ. ಪಂಚಾಯ್ತಿಗೆ ಒಂದು ಅರ್ಜಿ ಕೊಡಬೇಕು ಎಂಬುದು ಮಾತ್ರ ಯಾರ ನೆನಪಿಗೂ ಬರುವುದಿಲ್ಲ.

“ನಮ್ಮ ಜಾಗ, ನಮ್ಮ ಮನೆ, ನಮ್ಮ ದುಡ್ಡು, ಪಂಚಾಯ್ತಿಯವರನ್ನು ಕೇಳುವುದೇನು?” ಎಂಬ ಮಾತನ್ನು ಸಂಘದ ಜಗಲಿಯಲ್ಲಿ ನಾನು ಎಷ್ಟೋ ಸಲ ಕೇಳಿದ್ದೇನೆ. ಇತರರನ್ನು ದೂರುವುದಕ್ಕೆ ಮೊದಲು ನಾನೇ ಒಪ್ಪಿಕೊಳ್ಳುತ್ತೇನೆ. ಆ ಮಾತನ್ನು ನಾನೂ ಆಡಿದವನೇ.

ನನ್ನದೇ ಒಂದು ಪಾಠ

2007ರಲ್ಲಿ ನಮ್ಮ ಹಳೆಯ ಹೆಂಚಿನ ಮನೆಯ ಹಿಂಬದಿಗೆ ಎರಡು ಕೋಣೆ, ಒಂದು ಕಾಫಿ ಉಗ್ರಾಣ ಸೇರಿಸಿ ಕಟ್ಟಿಸಿದೆ. ಸ್ಥಳ ಸಾಲದೆಂದು ಹಿಂದಿನ ಧರೆಯನ್ನು ಆರೇಳು ಅಡಿ ಕಡಿಸಿದೆ. ಪರವಾನಗಿ ತೆಗೆದುಕೊಳ್ಳಲಿಲ್ಲ. ನಕ್ಷೆ ಮಾಡಿಸಲಿಲ್ಲ. ಮೇಸ್ತ್ರಿ ನೆಲದ ಮೇಲೆ ಕಡ್ಡಿಯಲ್ಲಿ ಗೀರಿದ್ದೇ ನಕ್ಷೆ. ಪಂಚಾಯ್ತಿಯ ಪುಸ್ತಕದಲ್ಲಿ ನಮ್ಮ ಮನೆ ತಂದೆಯವರ ಕಾಲದಲ್ಲಿ ಎಷ್ಟಿತ್ತೋ ಅಷ್ಟೇ ಉಳಿಯಿತು. ಕಂದಾಯ ಹೆಚ್ಚಾಗಲಿಲ್ಲವೆಂದು ಒಳಗೊಳಗೆ ಸಂತೋಷವೂ ಆಗಿತ್ತು ಎಂದರೆ ಸುಳ್ಳಲ್ಲ.

2019ರ ಆಗಸ್ಟ್ ತಿಂಗಳ ಮಳೆಯನ್ನು ಮಲೆನಾಡಿನವರು ಯಾರೂ ಮರೆತಿರಲಾರರು. ಆ ಮಳೆಯಲ್ಲಿ ಒಂದು ರಾತ್ರಿ ಧರೆ ಜರಿದು ಉಗ್ರಾಣದ ಗೋಡೆಯ ಮೇಲೆ ಬಿತ್ತು. ಬೆಳಗಾಗುವಷ್ಟರಲ್ಲಿ ಒಂದು ಕೋಣೆಯೂ ಹೋಯಿತು. ಆ ಕೋಣೆಯಲ್ಲಿ ನಿತ್ಯ ಮಲಗುತ್ತಿದ್ದ ನನ್ನ ತಾಯಿ ಅಂದು ತಂಗಿಯ ಮನೆಗೆ ಹೋಗಿದ್ದರು. ಅದು ದೈವಕೃಪೆಯೇ ಹೊರತು ನನ್ನ ಜಾಣತನವಲ್ಲ.

ನಾಲ್ಕಾರು ದಿನ ಬಿಟ್ಟು ಹಾನಿಯ ಅಳತೆಗೆ ಬಂದವರು ಪುಸ್ತಕ ತೆರೆದರು. ಹಳೆಯ ಮನೆ ಪುಸ್ತಕದಲ್ಲಿತ್ತು, ಆದರೆ ಅದು ಬಿದ್ದಿರಲಿಲ್ಲ. ಬಿದ್ದ ಭಾಗ ಪುಸ್ತಕದಲ್ಲಿರಲಿಲ್ಲ. “ಕಾರ್ಯದರ್ಶಿಗಳೇ, ಇದು ದಾಖಲೆಯಲ್ಲೇ ಇಲ್ಲವಲ್ಲ, ಇಲ್ಲದ ಮನೆ ಬಿತ್ತು ಎಂದು ನಾವು ಹೇಗೆ ಬರೆಯುವುದು?” ಎಂದರು. ಅವರ ಮೇಲೆ ಸಿಟ್ಟು ಬಂತು. ಆದರೆ ಅವರ ಮಾತಿನಲ್ಲಿ ತಪ್ಪಿರಲಿಲ್ಲ. ರಾಜ್ಯ ವಿಪತ್ತು ಪರಿಹಾರ ನಿಧಿಯ ನಿಯಮಾವಳಿಯಲ್ಲೇ, ಹಾನಿಗೊಂಡ ಮನೆಯು ಅಧಿಕೃತವಾಗಿ ಕಟ್ಟಿದ್ದೆಂದು ಸಕ್ಷಮ ಅಧಿಕಾರಿ ದೃಢೀಕರಿಸಬೇಕೆಂಬ ಷರತ್ತು ಉಂಟು. 2022-23ರಿಂದ 2025-26ರವರೆಗಿನ ಅವಧಿಗೆ ಕೇಂದ್ರವು ಗೊತ್ತುಮಾಡಿದ್ದ ದರದಲ್ಲಿ ಪೂರ್ಣ ನಾಶವಾದ ಮನೆಗೆ ಬಯಲಿನಲ್ಲಿ 1,20,000 ರೂಪಾಯಿ, ಗುಡ್ಡಗಾಡಿನಲ್ಲಿ 1,30,000 ರೂಪಾಯಿ ಇತ್ತು. ಮನೆ ಕಟ್ಟಲು ಅದು ಸಾಲದಿರಬಹುದು. ಆದರೆ ಮನೆ ಬಿದ್ದವನಿಗೆ ಅದೂ ದೊಡ್ಡದೇ. ಒಂದು ಹಾಳೆ ಕಾಗದ ಇಲ್ಲದ್ದರಿಂದ ಅದರ ಬಾಗಿಲು ನನಗೆ ಮುಚ್ಚಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಅನಂತರ ನಾನು ಕಾನೂನು ಓದಿದೆ. ಓದಿ ತಿಳಿದದ್ದನ್ನು ತಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಕಾನೂನು ಏನು ಹೇಳುತ್ತದೆ?

ನಮ್ಮ ಹಳ್ಳಿಗಳಲ್ಲಿ ಕಟ್ಟಡದ ಮೇಲಿನ ಹತೋಟಿ ಗ್ರಾಮ ಪಂಚಾಯ್ತಿಯದು. 1959ರ ಕಾಯ್ದೆಯ ಕಾಲ ಹೋಗಿ, 1983ರ ಕಾಯ್ದೆಯ ಮಂಡಲ ಪಂಚಾಯ್ತಿಗಳೂ ಹೋಗಿ, ಈಗ ಇರುವುದು 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ. ಅದರ 64ನೆಯ ಪ್ರಕರಣವನ್ನು ಪ್ರತಿಯೊಬ್ಬ ಬೆಳೆಗಾರನೂ ತಿಳಿದಿರಬೇಕು. ಅದರ ಸಾರ ಇಷ್ಟು:

ಒಂದು: ಪಂಚಾಯ್ತಿಯ ಲಿಖಿತ ಅನುಮತಿಯಿಲ್ಲದೆ ಯಾರೂ ಹೊಸ ಕಟ್ಟಡ ಕಟ್ಟಬಾರದು. ಇರುವ ಕಟ್ಟಡವನ್ನು ಮಾರ್ಪಡಿಸಬಾರದು, ಅದಕ್ಕೆ ಹೊಸದನ್ನು ಸೇರಿಸಬಾರದು, ಕೆಡವಿ ಪುನಃ ಕಟ್ಟಬಾರದು. ಅನುಮತಿಗೆ ಗೊತ್ತುಪಡಿಸಿದ ಶುಲ್ಕ ಕಟ್ಟಬೇಕು.

ಎರಡು: ಅರ್ಜಿ ತಲುಪಿದ 60 ದಿನಗಳೊಳಗೆ ಪಂಚಾಯ್ತಿಯು ಅನುಮತಿ ಕೊಡುತ್ತೇವೆ ಅಥವಾ ಇಲ್ಲ ಎಂದು ತೀರ್ಮಾನಿಸಿ ತಿಳಿಸಬೇಕು. ತಿಳಿಸದಿದ್ದರೆ ಅನುಮತಿ ಕೊಟ್ಟಂತೆಯೇ ಎಂದು ಭಾವಿಸಿ ಕೆಲಸ ಪ್ರಾರಂಭಿಸಬಹುದು. ಆದರೆ ಆಗಲೂ ಕಾಯ್ದೆ, ನಿಯಮ, ಉಪವಿಧಿಗಳನ್ನು ಮೀರುವಂತಿಲ್ಲ.

ಮೂರು: ಅನುಮತಿಯಿಲ್ಲದೆ ಕಟ್ಟಿದರೆ ಕೆಲಸ ನಿಲ್ಲಿಸುವಂತೆಯೂ, ಕಟ್ಟಿದ್ದನ್ನು ಬದಲಾಯಿಸುವಂತೆ ಅಥವಾ ಕೆಡವುವಂತೆಯೂ ನೋಟೀಸು ಕೊಡುವ ಅಧಿಕಾರ ಪಂಚಾಯ್ತಿಗೆ ಉಂಟು.

ಇಲ್ಲಿ ಎರಡನೆಯ ಅಂಶವನ್ನು ಎರಡು ಸಲ ಓದಿ. “ಪಂಚಾಯ್ತಿಗೆ ಅರ್ಜಿ ಕೊಟ್ಟರೆ ವರ್ಷಗಟ್ಟಲೆ ಅಲೆಸುತ್ತಾರೆ” ಎಂಬ ಹೆದರಿಕೆಗೆ ಕಾನೂನಿನಲ್ಲೇ ಮದ್ದು ಇದೆ. ಆದರೆ ಮದ್ದು ಕೆಲಸ ಮಾಡಬೇಕಾದರೆ ಅರ್ಜಿ ತಲುಪಿದ ದಿನಾಂಕಕ್ಕೆ ಸಾಕ್ಷಿ ಬೇಕು. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ 60 ದಿನದ ಲೆಕ್ಕವಿಲ್ಲ. ಸ್ವೀಕೃತಿ ಪಡೆಯದೆ ಮೇಜಿನ ಮೇಲಿಟ್ಟು ಬಂದ ಅರ್ಜಿಗೂ ಇಲ್ಲ.

ಯಾವ ಕೆಲಸಕ್ಕೆ ಬೇಕು, ಯಾವುದಕ್ಕೆ ಬೇಡ?

ಸುಣ್ಣ ಬಳಿಯುವುದು, ಒಡೆದ ಹೆಂಚು ಬದಲಾಯಿಸುವುದು, ಉದುರಿದ ಗಾರೆ ಮೆತ್ತುವುದು, ಗೆದ್ದಲು ತಿಂದ ಪಕಾಸಿ ತೆಗೆದು ಬೇರೆ ಹಾಕುವುದು, ನೆಲಕ್ಕೆ ರೆಡ್‌ಆಕ್ಸೈಡಿನ ಬದಲು ಟೈಲ್ಸ್ ಕೂರಿಸುವುದು, ಇವೆಲ್ಲ ಇದ್ದದ್ದನ್ನು ಇದ್ದಂತೆ ಉಳಿಸಿಕೊಳ್ಳುವ ಕೆಲಸಗಳು. ಕಟ್ಟಡದ ಅಳತೆಯಾಗಲಿ ಆಕಾರವಾಗಲಿ ಬದಲಾಗುವುದಿಲ್ಲ. ಇದಕ್ಕೆ ಯಾರೂ ಪರವಾನಗಿ ಕೇಳುವುದಿಲ್ಲ.

ಚಿಟ್ಟೆಗೆ ಗೋಡೆ ಎಬ್ಬಿಸಿ ಕೋಣೆ ಮಾಡಿದರೆ ಅದು ‘ಸೇರಿಸುವುದು’. ಹೆಂಚಿನ ಮಾಡು ತೆಗೆದು ತಾರಸಿ ಹಾಕಿದರೆ, ಗೋಡೆಯ ಮೇಲೆ ಬೀಳುವ ಭಾರವೇ ಬೇರೆಯಾಗುತ್ತದೆ. ಅದು ‘ಮಾರ್ಪಡಿಸುವುದು’. ಮಣ್ಣಿನ ಗೋಡೆಯ ಹಳೆಯ ಮನೆಯನ್ನು ಕೆಡವಿ ಅದೇ ಪಾಯದ ಮೇಲೆ ಎಬ್ಬಿಸಿದರೂ ‘ಪುನಃ ಕಟ್ಟುವುದು’. ಮೇಲೆ ಮಹಡಿ, ಪಕ್ಕದಲ್ಲಿ ಉಗ್ರಾಣ, ಗೋಡೆ ಎಬ್ಬಿಸಿದ ಕೊಟ್ಟಿಗೆ, ಲೈನ್ ಮನೆ, ಇವೆಲ್ಲ ಪರವಾನಗಿಯ ವ್ಯಾಪ್ತಿಗೆ ಬರುತ್ತವೆ. ಅನುಮಾನ ಬಂದರೆ ಬೇಕು ಎಂದೇ ತಿಳಿಯುವುದು ಕ್ಷೇಮ.

ಪಲ್ಪರ್, ಅಡಿಕೆ ಸುಲಿಯುವ ಯಂತ್ರ, ಡ್ರೈಯರ್ ಕೂರಿಸುವ ಕಟ್ಟಡವಾದರೆ ಇನ್ನೊಂದು ಮಾತು. ಯಂತ್ರಶಕ್ತಿಯಿಂದ ನಡೆಯುವ ಕಾರ್ಯಾಗಾರಗಳಿಗೆ ಮತ್ತು ಯಂತ್ರ ಸ್ಥಾಪನೆಗೆ ಅದೇ ಅಧಿನಿಯಮದ 66ನೆಯ ಪ್ರಕರಣದಲ್ಲಿ ಪಂಚಾಯ್ತಿಯ ಪ್ರತ್ಯೇಕ ಅನುಮತಿಯ ವಿಷಯ ಬರುತ್ತದೆ. ನಿಮ್ಮ ಯಂತ್ರಕ್ಕೆ ಅದು ಅನ್ವಯಿಸುತ್ತದೆಯೇ ಎಂದು ಪಂಚಾಯ್ತಿಯಲ್ಲಿ ಲಿಖಿತವಾಗಿ ಕೇಳಿಬಿಡಿ. ಪಲ್ಪರ್ ನೀರನ್ನು ಹಳ್ಳಕ್ಕೆ ಬಿಡುವಂತಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ ಕಡೆಯಿಂದ ಆಗಬೇಕಾದ್ದನ್ನೂ ಆಗಲೇ ವಿಚಾರಿಸಿ.

ಮೊದಲು ಜಾಗ ಯಾವುದೆಂದು ನೋಡಿ

ಅರ್ಜಿ ಬರೆಯುವ ಮೊದಲು ಮನೆ ನಿಂತಿರುವ ನೆಲದ ಜಾತಿ ತಿಳಿಯಬೇಕು. ನಮ್ಮ ಕಡೆ ಸಾಮಾನ್ಯವಾಗಿ ನಾಲ್ಕು ಬಗೆ ಕಾಣುತ್ತದೆ.

(ಅ) ಗ್ರಾಮಠಾಣಾ ಅಥವಾ ಪಂಚಾಯ್ತಿ ಖಾತೆಯ ಮನೆ. ಇದಕ್ಕೆ ಪಂಚಾಯ್ತಿಯಲ್ಲಿ ಮನೆ ನಂಬರು, ಕಂದಾಯ ರಸೀದಿ ಇರುತ್ತದೆ. 2013ರಿಂದ ಇಂಥ ಆಸ್ತಿಗಳನ್ನು ‘ಇ-ಸ್ವತ್ತು’ ಎಂಬ ಗಣಕ ವ್ಯವಸ್ಥೆಗೆ ಸೇರಿಸುತ್ತಾ ಬಂದಿದ್ದಾರೆ. ನಿಮ್ಮ ಮನೆ ಅಲ್ಲಿ ಸೇರಿದೆಯೇ, ಅಳತೆ ಸರಿಯಿದೆಯೇ, ಹೆಸರು ಯಾರದಿದೆ ಎಂದು ಮೊದಲು ನೋಡಿ. ತೀರಿಕೊಂಡ ತಂದೆಯ ಅಥವಾ ಅಜ್ಜನ ಹೆಸರಿದ್ದರೆ ಮೊದಲು ಪೌತಿ ಖಾತೆ, ಆಮೇಲೆ ಪರವಾನಗಿ. ಅಣ್ಣತಮ್ಮಂದಿರ ಜಂಟಿ ಖಾತೆಯಾಗಿದ್ದರೆ ಎಲ್ಲರ ಒಪ್ಪಿಗೆ ಪತ್ರ ಪಡೆಯಿರಿ. ಗೋಡೆ ಎದ್ದ ಮೇಲೆ ಬರುವ ದಾಯಾದಿ ತಕರಾರಿಗಿಂತ ಪಾಯಕ್ಕೆ ಮೊದಲು ಆಗುವ ಮಾತುಕತೆ ಅಗ್ಗ.

(ಆ) ತೋಟದ ಸರ್ವೆ ನಂಬರಿನೊಳಗಿನ ಮನೆ. ನಮ್ಮಲ್ಲಿ ಹೆಚ್ಚಿನವರದು ಇದೇ. 1964ರ ಕರ್ನಾಟಕ ಭೂ ಕಂದಾಯ ಅಧಿನಿಯಮದ 95ನೆಯ ಪ್ರಕರಣದಂತೆ ಬೇಸಾಯದ ಜಮೀನಿನ ಹಿಡುವಳಿದಾರನು ಬೇಸಾಯದ ಅನುಕೂಲಕ್ಕಾಗಿ ತೋಟದ ಮನೆ, ಬಾವಿ, ಕೆರೆ ಮುಂತಾದ ಸುಧಾರಣೆಗಳನ್ನು ಮಾಡಿಕೊಳ್ಳಬಹುದು. ಇದಕ್ಕೆ ಭೂ ಪರಿವರ್ತನೆ ಬೇಡ. ಆದರೆ ಮೂರು ಕಟ್ಟುಪಾಡು ಉಂಟು: ಇಂಥ ಕಟ್ಟಡ ಹಿಡುವಳಿಯ ನೂರಕ್ಕೆ 10ರಷ್ಟನ್ನು ಮೀರಬಾರದು, ನಿಯಮದಲ್ಲಿ ಹೇಳಿದ ಗರಿಷ್ಠ ಮಿತಿಗೂ ಒಳಪಡಬೇಕು, ರೈತ ತಾನೇ ವಾಸಕ್ಕೆ, ಸಲಕರಣೆ ಇಡಲು, ದನ ಕಟ್ಟಲು ಬಳಸಬೇಕು, ವ್ಯಾಪಾರಕ್ಕೆ ಬಾಡಿಗೆ ಕೊಡಬಾರದು.

ಒಂದು ಲೆಕ್ಕ ಮಾಡೋಣ. ಒಬ್ಬರಿಗೆ 3 ಎಕರೆ 20 ಗುಂಟೆ ತೋಟವಿದೆ ಎನ್ನಿ. ಎಕರೆಗೆ 40 ಗುಂಟೆಯಂತೆ ಒಟ್ಟು 140 ಗುಂಟೆ. ಅದರ ನೂರಕ್ಕೆ 10 ಎಂದರೆ 14 ಗುಂಟೆ. ಗುಂಟೆಗೆ 1,089 ಚದರಡಿಯಂತೆ 15,246 ಚದರಡಿ. ನಮ್ಮಂಥವರ ಮನೆ, ಕೊಟ್ಟಿಗೆ, ಉಗ್ರಾಣ ಸೇರಿದರೂ ಇಷ್ಟಾಗುವುದು ಅಪರೂಪ. ಆದರೆ ಅರ್ಧ ಎಕರೆ ಹಿಡುವಳಿಯವರಿಗೆ 20 ಗುಂಟೆಯ ಹತ್ತನೆಯ ಒಂದು ಭಾಗ ಎಂದರೆ 2 ಗುಂಟೆ, 2,178 ಚದರಡಿ ಮಾತ್ರ. ಅಂಥವರು ಟೇಪು ಹಿಡಿದೇ ಮುಂದುವರಿಯಬೇಕು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬೇಡ. ಪರಿವರ್ತನೆ ಬೇಡ ಎಂದರೆ ಪಂಚಾಯ್ತಿಯ ಅನುಮತಿಯೂ ಬೇಡ ಎಂದಲ್ಲ. ಕಟ್ಟಡ ಕಟ್ಟುವ ಬಗ್ಗೆ ಇರುವ ಬೇರೆ ಕಾನೂನುಗಳಿಗೆ ಒಳಪಟ್ಟೇ ಈ ಹಕ್ಕು ಇರುವುದೆಂದು ಅದೇ 95ನೆಯ ಪ್ರಕರಣ ಪ್ರಾರಂಭದಲ್ಲೇ ಹೇಳುತ್ತದೆ. ಕೆಲವು ಕಡೆ “ಇದು ಪಹಣಿ ಜಮೀನು, ನಮ್ಮ ಖಾತೆಯಲ್ಲಿಲ್ಲ” ಎಂದು ಅರ್ಜಿಯನ್ನೇ ತೆಗೆದುಕೊಳ್ಳದಿರುವುದುಂಟು. ಜಗಳವಾಡಬೇಡಿ. ಅರ್ಜಿಯನ್ನು ನೋಂದಾಯಿತ ಅಂಚೆಯಲ್ಲಿ, ಸ್ವೀಕೃತಿ ಚೀಟಿ ಸಹಿತ ಕಳುಹಿಸಿ. ಅವರ ಉತ್ತರ ಏನೇ ಇರಲಿ, ಅದು ಬರಹದಲ್ಲಿ ಬರಲಿ.

(ಇ) ಪ್ರವಾಸಿಗರಿಗೆ ಕೋಣೆ ಕೊಡುವ ಯೋಚನೆಯ ಮನೆ. ಹೋಂಸ್ಟೇ ಎಂಬ ಮಾತು ಈಗ ಪ್ರತಿ ಊರಿನಲ್ಲೂ ಉಂಟು. ತೋಟದ ಮನೆಯೆಂದು ಕಟ್ಟಿ, ಬಾಡಿಗೆಗೆ ಕೊಟ್ಟರೆ ಮೇಲೆ ಹೇಳಿದ ರಿಯಾಯಿತಿ ಸಿಗುವುದಿಲ್ಲ. ಬೇಸಾಯವಲ್ಲದ ಬಳಕೆಗೆ ಜಿಲ್ಲಾಧಿಕಾರಿಗಳ ಪರಿವರ್ತನೆ ಆದೇಶ ಬೇಕು. ಇಲ್ಲದಿದ್ದರೆ 96ನೆಯ ಪ್ರಕರಣದಂತೆ ದಂಡ ಬೀಳುವ ಸಂಭವ ಉಂಟು. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಬೇರೆ. ಅಂಥ ಯೋಚನೆ ಇದ್ದವರು ನಕ್ಷೆ ಬರೆಸುವಾಗಲೇ ಅದನ್ನು ಹೇಳಿಬಿಡುವುದು ಮೇಲು.

(ಈ) ಸೊಪ್ಪಿನಬೆಟ್ಟ, ಕುಮ್ಕಿ, ಕಾನು, ಗೋಮಾಳಕ್ಕೆ ತಾಗಿದ ಮನೆ. ಇದು ಅತ್ಯಂತ ಸೂಕ್ಷ್ಮದ ವಿಷಯ. ಸೊಪ್ಪಿನಬೆಟ್ಟದಿಂದ ತೋಟಕ್ಕೆ ಸೊಪ್ಪು ತರುವುದು, ಕುಮ್ಕಿಯಲ್ಲಿ ದನ ಮೇಯಿಸುವುದು ನಮಗೆ ಬಂದ ಸವಲತ್ತು. ಸವಲತ್ತು ಬೇರೆ, ಒಡೆತನ ಬೇರೆ. ತಲೆಮಾರುಗಳಿಂದ ಸೊಪ್ಪು ಕಡಿದ ಬೆಟ್ಟದಲ್ಲೂ ಮನೆಯ ಪಾಯ ತೆಗೆಯುವ ಹಕ್ಕು ಬರುವುದಿಲ್ಲ. ಮನೆಯ ಹಿಂಬದಿಗೆ ವಿಸ್ತರಿಸುವಾಗ ಗಡಿಯ ಕಲ್ಲು ಎಲ್ಲಿದೆ ಎಂದು ನೋಡದೆ ಹೋದರೆ ಹೊಸ ಬಚ್ಚಲುಮನೆ ಸರ್ಕಾರಿ ಜಾಗದಲ್ಲಿ ನಿಂತಿರುತ್ತದೆ. ಸಂಶಯವಿದ್ದರೆ ಸರ್ವೆ ಇಲಾಖೆಗೆ ಹದ್ದುಬಸ್ತಿನ ಅರ್ಜಿ ಕೊಟ್ಟು ಅಳತೆ ಮಾಡಿಸಿ. ಪಂಚಾಯ್ತಿಗೆ ಕಂದಾಯ ಕಟ್ಟಿದ ರಸೀದಿಯೂ ಒಡೆತನಕ್ಕೆ ಆಧಾರವಲ್ಲ ಎಂಬುದು ನೆನಪಿರಲಿ.

ಇವಲ್ಲದೆ ಪೇಟೆಗೆ ಸಮೀಪವಿರುವ ಕೆಲವು ಹಳ್ಳಿಗಳು ಸ್ಥಳೀಯ ಯೋಜನಾ ಪ್ರದೇಶಕ್ಕೆ ಸೇರಿರುತ್ತವೆ. ಅಲ್ಲಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮವೂ ಅನ್ವಯಿಸುತ್ತದೆ. ನಿಮ್ಮ ಹಳ್ಳಿ ಅದರೊಳಗೆ ಬಂದಿದೆಯೇ ಎಂದು ಪಂಚಾಯ್ತಿಯಲ್ಲೇ ಕೇಳಬಹುದು. ಹೆದ್ದಾರಿ ಅಂಚಿನ ಮನೆಯವರು ರಸ್ತೆಯ ಮಧ್ಯದಿಂದ ಬಿಡಬೇಕಾದ ಅಂತರವನ್ನು ರಸ್ತೆಯ ಇಲಾಖೆಯಿಂದ ಮೊದಲು ತಿಳಿದುಕೊಳ್ಳಬೇಕು.

ಪಶ್ಚಿಮಘಟ್ಟದ ಕರಡಿನ ಬಗ್ಗೆ ಒಂದು ಮಾತು

“ಪರಿಸರ ಸೂಕ್ಷ್ಮ ಪ್ರದೇಶ ಎಂದು ಸಾರಿದರೆ ಮನೆಗೆ ಒಂದು ಇಟ್ಟಿಗೆಯನ್ನೂ ಇಡುವಂತಿಲ್ಲವಂತೆ” ಎಂಬ ಮಾತು ಸಭೆಗಳಲ್ಲಿ ಕೇಳಿಬರುತ್ತದೆ. ಕೇಂದ್ರ ಸರ್ಕಾರದ ಆರನೆಯ ಕರಡು ಅಧಿಸೂಚನೆ 2024ರ ಜುಲೈ 31ರಂದು ಹೊರಟಿತು. ಕರ್ನಾಟಕದ 20,668 ಚದರ ಕಿಲೋಮೀಟರು ಪ್ರದೇಶ ಅದರಲ್ಲಿತ್ತು. ಈ ಕರಡುಗಳಲ್ಲಿ ನಿಷೇಧದ ಮಾತು ಇದ್ದದ್ದು 20,000 ಚದರ ಮೀಟರು ಮತ್ತು ಅದಕ್ಕಿಂತ ದೊಡ್ಡ ಕಟ್ಟಡ ಯೋಜನೆಗಳಿಗೆ. ನಮ್ಮ ಮನೆಗಳು ಅದರ ನೂರನೆಯ ಒಂದು ಭಾಗವೂ ಆಗಲಾರವು. ಇರುವ ವಾಸದ ಮನೆಗಳ ರಿಪೇರಿ, ವಿಸ್ತರಣೆಗೆ ತಡೆಯಿಲ್ಲವೆಂಬ ಮಾತೂ ಕರಡಿನಲ್ಲಿ ಬಂದಿತ್ತು. ಆ ಕರಡಿಗೆ ನಮ್ಮ ಆಕ್ಷೇಪಣೆಗಳು ಬೇರೆ ಬೇರೆ ಇರಬಹುದು. ಆದರೆ ಈ ಹೆದರಿಕೆಯಿಂದ ಪರವಾನಗಿ ಕೇಳದೆ ಕದ್ದು ಕಟ್ಟುವುದು ಸರಿಯಲ್ಲ. ದಾಖಲೆಯಿರುವ ಮನೆಗೇ ನಾಳೆ ರಕ್ಷಣೆ.

ಅರ್ಜಿಯೊಡನೆ ಏನೇನು ಇರಬೇಕು?

1. ಅರ್ಜಿ, ಎರಡು ಪ್ರತಿ. ಒಂದು ಪ್ರತಿಗೆ ಮೊಹರು, ದಿನಾಂಕ, ಸಹಿ ಹಾಕಿಸಿ ನೀವೇ ಇಟ್ಟುಕೊಳ್ಳಿ.

2. ಒಡೆತನದ ದಾಖಲೆ: ಪಂಚಾಯ್ತಿ ಖಾತೆಯ ನಕಲು, ಅಥವಾ ಪಹಣಿ ಮತ್ತು ಮ್ಯುಟೇಶನ್ ನಕಲು, ಕ್ರಯಪತ್ರ, ವಿಭಾಗಪತ್ರ ಅಥವಾ ಹಕ್ಕುಪತ್ರದ ನಕಲು.

3. ಚಾಲ್ತಿ ವರ್ಷದವರೆಗೆ ಕಂದಾಯ ಕಟ್ಟಿದ ರಸೀದಿ. ಬಾಕಿಯಿದ್ದರೆ ಮೊದಲು ಅದನ್ನು ತೀರಿಸಿ. ಬಾಕಿದಾರನ ಅರ್ಜಿ ಮುಂದೆ ಸಾಗುವುದು ಕಷ್ಟ.

4. ಸ್ಥಳದ ನಕ್ಷೆ: ನಾಲ್ಕು ದಿಕ್ಕಿನ ಚೆಕ್ಕುಬಂದಿ, ರಸ್ತೆ, ಬಾವಿ, ಶೌಚದ ಗುಂಡಿ, ವಿದ್ಯುತ್ ತಂತಿ, ಧರೆ, ಎಲ್ಲವನ್ನೂ ತೋರಿಸಬೇಕು.

5. ಕಟ್ಟಡದ ನಕ್ಷೆ: ಇರುವ ಭಾಗ ಒಂದು ಬಣ್ಣದಲ್ಲಿ, ಹೊಸದಾಗಿ ಸೇರುವ ಭಾಗ ಇನ್ನೊಂದು ಬಣ್ಣದಲ್ಲಿ. ಇದನ್ನು ಅರ್ಹ ಎಂಜಿನಿಯರರಿಂದಲೇ ಬರೆಸಿ ಸಹಿ ಹಾಕಿಸಿ.

6. ಜಂಟಿ ಮಾಲೀಕರಿದ್ದರೆ ಒಪ್ಪಿಗೆ ಪತ್ರ. ಜಮೀನಿನ ಮೇಲೆ ಸಾಲವಿದ್ದರೆ ಸಾಲ ಕೊಟ್ಟ ಸಂಸ್ಥೆಗೂ ತಿಳಿಸಿ.

7. ಗುರುತಿನ ಚೀಟಿಯ ನಕಲು.

ಎಂಜಿನಿಯರರ ಶುಲ್ಕ ದಂಡ ಎಂದು ಭಾವಿಸಬೇಡಿ. ನನ್ನ ಮನೆಯ ಹಿಂದಿನ ಧರೆಯನ್ನು ಒಬ್ಬ ತಿಳಿದವರು ಒಂದು ಸಲ ನೋಡಿದ್ದರೆ ಅದರ ಬುಡಕ್ಕೆ ಅಷ್ಟು ಹತ್ತಿರ ಗೋಡೆ ಕಟ್ಟಲು ಬಿಡುತ್ತಿರಲಿಲ್ಲ.

ಮಾದರಿ ಅರ್ಜಿ

ಪಂಚಾಯ್ತಿಯ ಅಚ್ಚಿನ ನಮೂನೆ ಇದ್ದರೆ ಅದನ್ನೇ ತುಂಬಿ. ಇಲ್ಲದಿದ್ದರೆ ಹೀಗೆ ಬರೆಯಬಹುದು:

“ಗ್ರಾಮ ಪಂಚಾಯ್ತಿಯ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗಳ ಸನ್ನಿಧಿಗೆ,

ವಿಷಯ: ವಾಸದ ಮನೆಗೆ ಎರಡು ಕೋಣೆ ಸೇರಿಸಿ ಕಟ್ಟಲು 1993ರ ಅಧಿನಿಯಮದ 64ನೆಯ ಪ್ರಕರಣದಂತೆ ಅನುಮತಿ ಕೋರಿ.

ಮಾನ್ಯರೇ, ಇಂಥ ಗ್ರಾಮದ ಇಂಥ ಸರ್ವೆ ನಂಬರಿನ (ಅಥವಾ ಮನೆ ನಂಬರಿನ) ಸ್ವತ್ತಿನ ಮಾಲೀಕನಾದ ನಾನು ಮಾಡುವ ವಿಜ್ಞಾಪನೆ. ಸದರಿ ಸ್ವತ್ತಿನಲ್ಲಿ ಈಗ ಇಷ್ಟು ಚದರಡಿಯ ಹೆಂಚಿನ ಮನೆ ಇರುತ್ತದೆ. ಅದರ ಪೂರ್ವ ಭಾಗಕ್ಕೆ ಇಷ್ಟು ಅಡಿ ಉದ್ದ, ಇಷ್ಟು ಅಡಿ ಅಗಲದ ಎರಡು ಕೋಣೆಗಳನ್ನು ಸ್ವಂತ ವಾಸಕ್ಕಾಗಿ ಸೇರಿಸಿ ಕಟ್ಟಲು ಉದ್ದೇಶಿಸಿದ್ದೇನೆ. ನಕ್ಷೆ ಹಾಗೂ ದಾಖಲೆಗಳನ್ನು ಲಗತ್ತಿಸಿದ್ದೇನೆ. ನಿಗದಿತ ಶುಲ್ಕ ಕಟ್ಟಲು ಸಿದ್ಧನಿದ್ದೇನೆ. ಕೊರತೆಯೇನಾದರೂ ಇದ್ದಲ್ಲಿ ಲಿಖಿತವಾಗಿ ತಿಳಿಸಬೇಕಾಗಿಯೂ, ಕಾಯ್ದೆಯಲ್ಲಿ ಹೇಳಿದ ಅವಧಿಯೊಳಗೆ ಅನುಮತಿ ನೀಡಬೇಕಾಗಿಯೂ ಪ್ರಾರ್ಥನೆ.”

“ಕೊರತೆಯಿದ್ದಲ್ಲಿ ಲಿಖಿತವಾಗಿ ತಿಳಿಸಿ” ಎಂಬ ವಾಕ್ಯವನ್ನು ಬಿಡಬೇಡಿ. ಇಂದು ಒಂದು ಕಾಗದ, ನಾಳೆ ಇನ್ನೊಂದು ಎಂದು ಅಲೆಯುವುದು ಅದರಿಂದ ಬಹಳ ಮಟ್ಟಿಗೆ ತಪ್ಪುತ್ತದೆ. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಕೇಳಿ. ರಸೀದಿ ಇಲ್ಲದ ಹಣ ಶುಲ್ಕವಲ್ಲ.

ತಿಂಗಳಾದರೂ ಸದ್ದಿಲ್ಲದಿದ್ದರೆ ಮೊದಲ ಅರ್ಜಿಯ ದಿನಾಂಕ ನಮೂದಿಸಿ ಒಂದು ಜ್ಞಾಪನ ಪತ್ರ ಕೊಡಿ. ಮುಂದೆ ತಾಲ್ಲೂಕು ಪಂಚಾಯ್ತಿಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಬರೆಯಬಹುದು. ನಿಮ್ಮ ಅರ್ಜಿ ಯಾವ ಮೇಜಿನಲ್ಲಿದೆ ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿದರೆ 30 ದಿನದೊಳಗೆ ಉತ್ತರ ಕೊಡಬೇಕಾಗುತ್ತದೆ. 60 ದಿನ ಕಳೆದು, ಕಾಯ್ದೆಯ ಬಲದಿಂದಲೇ ಕೆಲಸ ಆರಂಭಿಸುವವರು, “ಇಂಥ ದಿನ ಅರ್ಜಿ ಕೊಟ್ಟಿದ್ದೆ, ಉತ್ತರ ಬಂದಿಲ್ಲ, ನಕ್ಷೆಯ ಪ್ರಕಾರವೇ ಇಂಥ ದಿನದಿಂದ ಕೆಲಸ ಆರಂಭಿಸುತ್ತೇನೆ” ಎಂದು ಒಂದು ಪತ್ರ ಬರೆದು ಸ್ವೀಕೃತಿ ಪಡೆದೇ ಪಾಯ ತೆಗೆಯಲಿ.

ಮರ, ಮಣ್ಣು, ತಂತಿ

ಮರ: ನಮ್ಮ ತೋಟದ ಮರವೇ ಆದರೂ ಕಡಿಯುವ ಮೊದಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ ನೆನಪಿರಲಿ. ಸಿಲ್ವರ್ ಓಕ್, ಅಡಿಕೆ, ತೆಂಗು ಮುಂತಾದ ಕೆಲವನ್ನು ಕಡಿಯುವುದಕ್ಕೆ ಅದರಲ್ಲಿ ವಿನಾಯಿತಿ ಉಂಟು. ಬೀಟೆ, ತೇಗ, ಹೊನ್ನೆ, ಹಲಸು ಎಂದು ಮನಸ್ಸಾದುದಕ್ಕೆ ಕೊಡಲಿ ಹಾಕಬೇಡಿ. ಅರಣ್ಯ ಇಲಾಖೆಯಲ್ಲಿ ಕೇಳಿ. ಮರವನ್ನು ಕೊಯ್ಯಲು ಮಿಲ್ಲಿಗೆ ಸಾಗಿಸುವಾಗ ಪಾಸಿನ ವಿಷಯವನ್ನೂ ಆಗಲೇ ಕೇಳಿಕೊಳ್ಳಿ. ಬಾಗಿಲಿನ ಚೌಕಟ್ಟಿಗೆಂದು ಕಡಿದ ಮರ ಮೊಕದ್ದಮೆಗೆ ಮೂಲವಾಗಬಾರದು.

ಮಣ್ಣು: ಧರೆ ಕಡಿಯುವುದು ನಮ್ಮ ಕಡೆ ಎಲ್ಲಕ್ಕಿಂತ ದೊಡ್ಡ ಅಪಾಯ. ಜೆ.ಸಿ.ಬಿ. ಬಂದ ಮೇಲೆ ಒಂದು ಗಂಟೆಯಲ್ಲಿ ಹತ್ತು ಅಡಿ ಗುಡ್ಡ ಮಾಯವಾಗುತ್ತದೆ. ಗುಡ್ಡ ಮರೆಯುವುದಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2019ರಲ್ಲಿ ನಮ್ಮ ಜಿಲ್ಲೆಗಳಲ್ಲಿ, 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಏನಾಯಿತೆಂಬುದನ್ನು ನೋಡಿದ್ದೇವೆ. ನೆಟ್ಟಗೆ ಕಡಿಯದೆ ಮೆಟ್ಟಿಲುಮೆಟ್ಟಿಲಾಗಿ ಇಳಿಜಾರು ಬಿಡಿ. ಧರೆಯ ನೆತ್ತಿಯಲ್ಲಿ ಮಳೆನೀರು ಇಳಿಯದಂತೆ ಪಕ್ಕಕ್ಕೆ ಚರಂಡಿ ತಿರುಗಿಸಿ. ಧರೆಯ ಬುಡದಿಂದ ಗೋಡೆಯನ್ನು ದೂರ ಇಡಿ. ತಡೆಗೋಡೆ ಕಟ್ಟಿದರೆ ನೀರು ಹೊರಬರಲು ಕೊಳವೆ ತೂತು ಬಿಡಿಸಿ. ಮಳೆಗಾಲದಲ್ಲಿ ಯಂತ್ರದಿಂದ ಮಣ್ಣು ಅಗೆಯುವುದಕ್ಕೆ ಜಿಲ್ಲಾಡಳಿತ ನಿರ್ಬಂಧ ಹಾಕುವುದುಂಟು. ಅದನ್ನು ಕಿರುಕುಳ ಎನ್ನದೆ ಪಾಲಿಸಿ.

ತಂತಿ: ಹಳೆಯ ಹೆಂಚಿನ ಮನೆಯ ಮೇಲೆ ಹಾದ ತಂತಿ ಆಗ ದೂರವಿತ್ತು. ಮಹಡಿ ಎದ್ದಾಗ ಕೈಗೆ ಸಿಗುತ್ತದೆ. 11 ಸಾವಿರ ವೋಲ್ಟಿನ ತಂತಿಗೆ ಕಟ್ಟಡದ ನೆತ್ತಿಯಿಂದ ಮೇಲಕ್ಕೆ 3.7 ಮೀಟರು, ಪಕ್ಕಕ್ಕೆ 1.2 ಮೀಟರು ಅಂತರ ಬೇಕೆಂದು ವಿದ್ಯುತ್ ಸುರಕ್ಷತಾ ನಿಯಮ ಹೇಳುತ್ತದೆ. ಸಾಲದಿದ್ದರೆ ಕಟ್ಟುವ ಮೊದಲು ಲೈನ್ ಬದಲಾಯಿಸಲು ಅರ್ಜಿ ಕೊಡಿ. ಹೊಸ ಭಾಗಕ್ಕೆ ಬೇರೆ ಮೀಟರು ಬೇಕೆನ್ನುವವರು ಇನ್ನೊಂದು ಮಾತು ಗಮನಿಸಿ. 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಕಟ್ಟಡ ಪೂರ್ಣಗೊಂಡ ಅಥವಾ ವಾಸಕ್ಕೆ ಯೋಗ್ಯವೆಂಬ ಪತ್ರ ತೋರಿಸಿದ ಮೇಲೆಯೇ ವಿದ್ಯುತ್ತು, ನೀರಿನ ಸಂಪರ್ಕ ಕೊಡಬೇಕೆಂದು ಹೇಳಿತು. 2025ರಲ್ಲಿ ನಮ್ಮ ರಾಜ್ಯದಲ್ಲೂ ಇದರಿಂದ ಹೊಸ ಸಂಪರ್ಕಗಳು ಎಷ್ಟೋ ಕಡೆ ನಿಂತವು. ಪರವಾನಗಿಯೇ ಇಲ್ಲದವನಿಗೆ ಪೂರ್ಣಗೊಂಡ ಪತ್ರ ಎಲ್ಲಿಂದ ಬರಬೇಕು?

ಯಾವಾಗ ಅರ್ಜಿ ಕೊಡಬೇಕು?

ನಮ್ಮ ಕೆಲಸದ ಪಂಚಾಂಗಕ್ಕೆ ಹೊಂದಿಸಿ ಹೇಳುವುದಾದರೆ, ಮಳೆ ಇಳಿಯುವ ಸೆಪ್ಟೆಂಬರಿನಲ್ಲಿ ದಾಖಲೆ ಕೂಡಿಸಿ ನಕ್ಷೆ ಬರೆಸಿ. ಅಕ್ಟೋಬರಿನ ಮೊದಲ ವಾರ ಅರ್ಜಿ ಕೊಡಿ. ಅಡಿಕೆ ಕೊಯ್ಲು, ಕಾಫಿ ಕೊಯ್ಲಿನ ಗಡಿಬಿಡಿಯಲ್ಲಿ ನಾವಿರುವಾಗ 60 ದಿನದ ಗಡಿಯಾರ ತನ್ನಷ್ಟಕ್ಕೆ ಓಡುತ್ತಿರುತ್ತದೆ. ಡಿಸೆಂಬರಿನ ಹೊತ್ತಿಗೆ ಅನುಮತಿ ಕೈಗೆ ಬಂದರೆ ಜನವರಿಯಲ್ಲಿ ಪಾಯ ತೆಗೆದು, ಮೇ ತಿಂಗಳ ನಡುವೆ ಮಾಡು ಮುಚ್ಚಬಹುದು. ಫೆಬ್ರವರಿಯಲ್ಲಿ ಎಚ್ಚೆತ್ತು ಅರ್ಜಿ ಬರೆದವರು ಒಂದೋ ಅನುಮತಿಯಿಲ್ಲದೆ ಕಟ್ಟುತ್ತಾರೆ, ಇಲ್ಲವೇ ಜೂನಿನ ಮಳೆಗೆ ಹಸಿ ಗೋಡೆ ಒಡ್ಡುತ್ತಾರೆ. ಎರಡೂ ನಷ್ಟವೇ.

ಕಟ್ಟಿ ಮುಗಿಸಿದ ಮೇಲೆ ಸುಮ್ಮನಿರಬೇಡಿ. ಕೆಲಸ ಮುಗಿಯಿತೆಂದು ಪಂಚಾಯ್ತಿಗೆ ಬರೆದು, ಹೊಸ ಅಳತೆಯನ್ನು ಪುಸ್ತಕದಲ್ಲಿ ಏರಿಸಿ, ಹೆಚ್ಚಿದ ಕಂದಾಯ ಕಟ್ಟಿ. ವರ್ಷಕ್ಕೆ ಅಷ್ಟು ಇಷ್ಟು ಹೆಚ್ಚಾದರೂ ಅದು ನಿಮ್ಮ ಮನೆ ಇದೆ ಎಂಬುದಕ್ಕೆ ವರ್ಷ ವರ್ಷ ದೊರೆಯುವ ಸಾಕ್ಷಿ. ಮಗಳ ಮದುವೆಗೋ ಮಗನ ಓದಿಗೋ ಮನೆಯ ಆಧಾರದ ಮೇಲೆ ಸಾಲ ಕೇಳಿದಾಗ, ವಿಭಾಗ ಮಾಡುವಾಗ, ವಿಮೆ ಇಳಿಸುವಾಗ, ದೇವರು ಹಾಗೆ ಮಾಡದಿರಲಿ, ಮಳೆಯಲ್ಲಿ ಗೋಡೆ ಬಿದ್ದಾಗ, ಆ ಸಾಕ್ಷಿಯೇ ನಿಮ್ಮ ಪರವಾಗಿ ಮಾತನಾಡುವುದು.

ಈಗಾಗಲೇ ಕಟ್ಟಿಬಿಟ್ಟವರಿಗೆ

ನನ್ನಂತೆ ಹಿಂದೆ ಅನುಮತಿಯಿಲ್ಲದೆ ಸೇರಿಸಿ ಕಟ್ಟಿದವರು ನಮ್ಮಲ್ಲಿ ಅನೇಕರಿದ್ದಾರೆ. ಬಚ್ಚಿಡುವುದರಿಂದ ಅದು ಸರಿಹೋಗುವುದಿಲ್ಲ. ಇರುವ ಕಟ್ಟಡದ ನಿಜವಾದ ಅಳತೆಯ ನಕ್ಷೆ ಬರೆಸಿ, ಸಕ್ರಮಕ್ಕೂ ಕಂದಾಯ ಪರಿಷ್ಕರಣೆಗೂ ಪಂಚಾಯ್ತಿಗೆ ಅರ್ಜಿ ಕೊಡಿ. ದಂಡ ಬಂದರೆ ಕಟ್ಟಿ ರಸೀದಿ ಪಡೆಯಿರಿ. ಸರ್ಕಾರಿ ಜಾಗಕ್ಕೆ ಚಾಚಿದ ಭಾಗವಿದ್ದರೆ ಮಾತ್ರ ಅವಸರದಿಂದ ಯಾವುದಕ್ಕೂ ಸಹಿ ಹಾಕದೆ ತಿಳಿದ ವಕೀಲರ ಸಲಹೆ ಪಡೆಯಿರಿ.

ನಾನು 2021ರಲ್ಲಿ ಹಿಂಬದಿಯ ಕೋಣೆಯನ್ನು ಮತ್ತೆ ಕಟ್ಟಿಸಿದೆ. ಈ ಸಲ ಧರೆಯಿಂದ ಇಪ್ಪತ್ತು ಅಡಿ ಈಚೆಗೆ, ನಕ್ಷೆ ಮಾಡಿಸಿ, ಅರ್ಜಿ ಕೊಟ್ಟು. ಅನುಮತಿ ಬಂದದ್ದು 47ನೆಯ ದಿನ. ಆ ಕಾಗದವನ್ನು ಕಪಾಟಿನಲ್ಲಿ ಪಹಣಿಯ ಜೊತೆಗೆ ಇಟ್ಟಿದ್ದೇನೆ. ತಾಯಿ ಈಗ ಅದೇ ಕೋಣೆಯಲ್ಲಿ ಮಲಗುತ್ತಾರೆ. ಮಳೆ ಜೋರಾದ ರಾತ್ರಿ ಈಗಲೂ ನಾನೊಮ್ಮೆ ಎದ್ದು ಲಾಟೀನು ಹಿಡಿದು ಹಿಂದಿನ ಧರೆ ನೋಡಿ ಬರುತ್ತೇನೆ. ಅದು ಅಭ್ಯಾಸವಾಗಿ ಹೋಗಿದೆ.

ಸದಸ್ಯರು ಮನೆಯ ಪಹಣಿ, ಖಾತೆ ನಕಲು, ಕಂದಾಯ ರಸೀದಿಗಳನ್ನು ತೆಗೆದುಕೊಂಡು ಸಂಘದ ಕಛೇರಿಗೆ ಬಂದರೆ ಅರ್ಜಿ ಬರೆಯಲು ನಾನಾಗಲಿ ನಮ್ಮ ಗುಮಾಸ್ತರಾಗಲಿ ಸಹಾಯ ಮಾಡುತ್ತೇವೆ. ಇದಕ್ಕೆ ಶುಲ್ಕವಿಲ್ಲ. ಮೇಸ್ತ್ರಿಗೆ ಮುಂಗಡ ಕೊಡುವ ಮೊದಲು ಬನ್ನಿ ಎಂಬುದೊಂದೇ ಪ್ರಾರ್ಥನೆ.

ಇಂತು,
ಕಾರ್ಯದರ್ಶಿ